ನಲವತ್ತೆಂಟು ಅಂಕಿಯ ಬೀಗ

ಲ್ಯಾಪ್‌ಟಾಪು ಮತ್ತೆ ಏಳಲಿಲ್ಲ. ಕಪ್ಪು ಪರದೆಯ ಎಡಮೂಲೆಯಲ್ಲಿ ಒಂದೇ ಸಾಲು ಬಂದು ನಿಂತಿತ್ತು: ಶುರುಮಾಡಲು ಯಾವ ಆಪರೇಟಿಂಗ್ ಸಿಸ್ಟಮ್ಮೂ ಸಿಗಲಿಲ್ಲ. ಹಳೆಯದೂ ಇಲ್ಲ, ನಾನು ಬೆಳಿಗ್ಗೆಯಿಂದ ಕೂತು ಹಾಕಿದ ಹೊಸದೂ ಇಲ್ಲ. ಗಂಟೆ ಹನ್ನೊಂದೂಕಾಲು. ಪಕ್ಕದ ಕೋಣೆಯಿಂದ ಮಂಚದ ಕಬ್ಬಿಣಕ್ಕೆ ಸ್ಪ್ಯಾನರು ಬಡಿದ ಸದ್ದು ಬಂತು. ಟಕ್, ಟಕ್. ಒಂದು ಬಡಿತ ಎಂದರೆ ನೀರು ಬೇಕು, ಎರಡು ಬಡಿತ ಎಂದರೆ ‘ಆಯಿತಾ?’

"ಇನ್ನೊಂದು ಹತ್ತು ನಿಮಿಷ ಮಾವಾ," ಎಂದು ಕೂಗಿದೆ.

ನನ್ನ ಮಾವ, ಅಂದರೆ ನನ್ನ ಗಂಡನ ತಂದೆ, ಬೀಗ ರಿಪೇರಿ ಮಾಡುವವರು. ನಮ್ಮ ಮನೆಯ ರಸ್ತೆ ಕಡೆಯ ಕೋಣೆಯೇ ಅವರ ಅಂಗಡಿ. ಬೀದಿಯವರು ಅವರಿಗೆ ಇಟ್ಟ ಹೆಸರು ರೇಡಿಯೋ. ಊರಿನ ಬಾಗಿಲಿಗೆಲ್ಲ ಬೀಗ ಹಾಕಿಕೊಟ್ಟರೂ ತಮ್ಮ ಬಾಯಿಗೊಂದು ಬೀಗ ಮಾಡಿಕೊಳ್ಳದ ಮನುಷ್ಯ ಎಂದು ನಾನೇ ಎಷ್ಟೋ ಸಲ ಹಲ್ಲು ಕಡಿದಿದ್ದೇನೆ. ಅರ ಹಿಡಿದು ಕೀಲಿಕೈ ಉಜ್ಜುತ್ತ ಮಾತು, ಉಣ್ಣುತ್ತ ಮಾತು, ಸ್ನಾನದ ಕೋಣೆಯ ಒಳಗಿನಿಂದಲೂ ಮಾತು. ಆ ಗಂಟಲಿಗೇ ಹುಣ್ಣು ಬಂತು. ಹನ್ನೆರಡು ದಿನದ ಹಿಂದೆ ಆಸ್ಪತ್ರೆಯವರು ಅವರ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಈಗ ಅವರು ಉಸಿರಾಡುವುದು ಕತ್ತಿನ ಬುಡದ ತೂತಿನಿಂದ.

ಶಸ್ತ್ರಚಿಕಿತ್ಸೆಗೆ ಮೂರು ವಾರ ಮುಂಚೆ ಆಸ್ಪತ್ರೆಯ ಮಾತಿನ ತರಬೇತಿಯ ಮೇಡಂ ಒಂದು ದಾರಿ ಹೇಳಿದ್ದರು. ದನಿ ಇರುವಾಗಲೇ ಸಾವಿರದ ನೂರು ವಾಕ್ಯ ಓದಿ ರೆಕಾರ್ಡ್ ಮಾಡಿಟ್ಟರೆ, ಒಂದು ಪ್ರೋಗ್ರಾಮು ಅದನ್ನು ಕೇಳಿ ಕಲಿತುಕೊಳ್ಳುತ್ತದೆ. ಆಮೇಲೆ ಏನು ಟೈಪ್ ಮಾಡಿದರೂ ಅದು ಮಾವನ ದನಿಯಲ್ಲೇ ಹೇಳುತ್ತದೆ. ಆದರೆ ಆ ಪ್ರೋಗ್ರಾಮು ನಮ್ಮ ಲ್ಯಾಪ್‌ಟಾಪಿನಲ್ಲಿದ್ದ ಸಿಸ್ಟಮ್ಮಿನಲ್ಲಿ ಓಡುವುದಿಲ್ಲ, ಬೇರೆಯದೇ ಬೇಕು. "ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಕೋಬಹುದು. ಕಂಪ್ಯೂಟರ್ ಗೊತ್ತಿರೋರು ಯಾರಾದ್ರೂ ಇದ್ದಾರಾ ಮನೇಲಿ?" ಎಂದು ಮೇಡಂ ಕೇಳಿದಾಗ ಮಾವ ಎದೆಯುಬ್ಬಿಸಿ, "ನಮ್ಮ ಸೊಸೆ ಇದ್ದಾಳಲ್ಲ!" ಎಂದಿದ್ದರು. ಪಾರ್ಸೆಲ್ ಆಫೀಸಿನ ಕೌಂಟರಿನಲ್ಲಿ ಪ್ರಿಂಟರು ಕೆಟ್ಟರೆ ಬಡಿದು ಸರಿಮಾಡುವವಳು ನಾನು. ಹೊಗಳಿಸಿಕೊಂಡು ಉಬ್ಬಿಹೋದೆ.

ಆ ಸಾವಿರದ ನೂರು ವಾಕ್ಯಗಳು ಈ ಲ್ಯಾಪ್‌ಟಾಪಿನಲ್ಲಿದ್ದವು. ಇದೊಂದರಲ್ಲೇ ಇದ್ದವು. ಅದಕ್ಕೂ ಕಾರಣ ಮಾವನೇ. ಒಡೆಯ ಎದುರಿಗೆ ನಿಲ್ಲದೆ ಇನ್ನೊಂದು ಕೀಲಿಕೈ ಮಾಡಬಾರದು ಎಂಬುದು ಅವರ ಕಸುಬಿನ ನೇಮ. ಪೆನ್ ಡ್ರೈವಿಗೂ ಒಂದು ಕಾಪಿ ಹಾಕಿಡುತ್ತೇನೆ ಎಂದಾಗ ಕೈ ಅಡ್ಡ ಹಿಡಿದಿದ್ದರು. "ಬೇಡಮ್ಮ. ನಾಳೆ ಯಾವನೋ ಅದನ್ನ ಎತ್ಕೊಂಡು ಹೋಗಿ, ನನ್ನ ದನೀಲಿ ನಿಮ್ಮತ್ತೆಗೆ ಫೋನ್ ಮಾಡಿ ಬಾಗ್ಲು ತೆಗೆಸಿಬಿಟ್ರೆ?" ನಾನು ನಕ್ಕು ಸುಮ್ಮನಾದೆ. ಆಗ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಹೆದರಿಕೆಯಲ್ಲೂ ಕೈ ಕೆಲಸ ಮಾಡುತ್ತಲೇ ಇತ್ತು. ಹೊಸ ಸಿಸ್ಟಮ್ಮು ಇದ್ದ ಪೆನ್ ಡ್ರೈವನ್ನು ಮತ್ತೆ ಚುಚ್ಚಿ ಅದರಿಂದಲೇ ಯಂತ್ರ ಏಳಿಸಿದೆ. ಡಿಸ್ಕಿನ ಪಟ್ಟಿ ತೆಗೆದು ನೋಡಿದೆ. ಹಳೆಯ ಭಾಗ ಇದ್ದ ಜಾಗದಲ್ಲೇ ಇತ್ತು, ಅಳತೆಯೂ ಸರಿ. ಸದ್ಯ, ಅಳಿಸಿಹೋಗಿರಲಿಲ್ಲ. ಕೆಟ್ಟಿದ್ದು ಯಂತ್ರವನ್ನು ಎಬ್ಬಿಸುವ ಸಣ್ಣ ಭಾಗ ಮಾತ್ರ. ಮನೆಯ ಸಾಮಾನೆಲ್ಲ ಒಳಗಿದೆ, ಬಾಗಿಲು ಎಲ್ಲಿದೆ ಎಂಬುದು ಮರೆತಿದೆ, ಅಷ್ಟೇ. ಆ ಭಾಗವನ್ನು ಹೊಸದಾಗಿ ಬರೆಯಿಸಿ ಪೆನ್ ಡ್ರೈವ್ ಕಿತ್ತು ಮತ್ತೆ ಶುರುಮಾಡಿದೆ.

ಪರದೆಯ ಮೇಲೆ ಎರಡು ಹೆಸರು ಬಂದವು, ಹೊಸದು ಮೇಲೆ, ಹಳೆಯದು ಕೆಳಗೆ. ಖುಷಿಯಿಂದ ಕೂಗಿಬಿಡುವಂತಾಯಿತು. ಕೆಳಗಿನದನ್ನು ಆರಿಸಿ ಒತ್ತಿದೆ.

ಪರದೆ ನೀಲಿಯಾಯಿತು. ಈ ಡಿಸ್ಕಿಗೆ ಬೀಗ ಹಾಕಲಾಗಿದೆ, ತೆರೆಯಲು ನಲವತ್ತೆಂಟು ಅಂಕಿಯ ಕೀಲಿ ಕೊಡಿ ಎಂದು ಬರೆದಿತ್ತು. ಕೆಳಗೆ ಆರಾರು ಅಂಕಿಯ ಎಂಟು ಖಾಲಿ ಮನೆಗಳು.

ಬೀಗವೇ? ಯಾವ ಬೀಗ? ಆಗ ನೆನಪಾಯಿತು. ಬೆಳಿಗ್ಗೆ ಹೊಸದಕ್ಕೆ ಜಾಗ ಮಾಡಲು ಹಳೆಯ ಭಾಗವನ್ನು ಕುಗ್ಗಿಸುವಾಗ ಡಿಸ್ಕಿನ ಚಿತ್ರದ ಪಕ್ಕದಲ್ಲಿ ಒಂದು ಪುಟ್ಟ ಬೀಗದ ಗುರುತಿತ್ತು. ಬೇರೆ ಯಾರ ಮನೆಯಲ್ಲಾದರೂ ಅದು ಕಣ್ಣಿಗೆ ಕುಕ್ಕುತ್ತಿತ್ತು. ಈ ಮನೆಯಲ್ಲಿ ಬಾಗಿಲ ಮೇಲೆ ಬೀಗದ ಚಿತ್ರ, ಚೀಲದ ಮೇಲೆ ಬೀಗದ ಚಿತ್ರ, ಮಾವ ಚಹಾ ಕುಡಿಯುವ ಲೋಟದ ಮೇಲೂ ಬೀಗದ ಚಿತ್ರ. ಹದಿನಾಲ್ಕು ವರ್ಷ ನೋಡಿ ನೋಡಿ ನನ್ನ ಕಣ್ಣು ಬೀಗವನ್ನು ನೋಡುವುದನ್ನೇ ಬಿಟ್ಟಿದೆ.

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಒಳಗಿನಿಂದ ಮತ್ತೆ ಟಕ್ ಟಕ್ ಕೇಳಿಸಿತು, ನಾನು ಇನ್ನೂ ಗಾಬರಿಯಾದೆ. ಯಂತ್ರದ ಒಳಗಿನ ಸೆಟ್ಟಿಂಗಿಗೆ ಹೋದೆ. ಹೊಸದನ್ನು ಹಾಕಲೆಂದು ಹೊರಗಿನ ಸಿಸ್ಟಮ್ಮನ್ನು ತಡೆಯುವ ಕಾವಲೊಂದನ್ನು ಬೆಳಿಗ್ಗೆ ಅಲ್ಲಿ ಬಂದ್ ಮಾಡಿದ್ದೆ, ಅದರ ಕೆಳಗೆ ಇನ್ನೊಂದು ಸಾಲಿತ್ತು: ಭದ್ರತೆಯ ಚಿಪ್ಪನ್ನು ಖಾಲಿ ಮಾಡಲೇ? ಚಿಪ್ಪು ಖಾಲಿಯಾದರೆ ಬೀಗವೂ ಹೋಗುತ್ತದೆ ಎಂದು ಯಾವ ದೆವ್ವ ನನ್ನ ಕಿವಿಯಲ್ಲಿ ಊದಿತೋ. ಹೌದು ಎಂದು ಒತ್ತಿದೆ. ನಿಜವಾಗಿಯೂ? ಎಂದು ಅದು ಇನ್ನೊಮ್ಮೆ ಕೇಳಿತು, ಪಾಪ. ಹೌದು ಎಂದು ಇನ್ನೊಮ್ಮೆ ಒತ್ತಿದೆ.

ನೀಲಿ ಪರದೆ ಹಾಗೇ ಬಂತು. ಆಮೇಲೆ ನಮ್ಮ ಆಫೀಸಿನ ಕಂಪ್ಯೂಟರಿನವನಿಗೆ ಫೋನ್ ಮಾಡಿದೆ. ಕೊರಳಲ್ಲಿ ಸದಾ ತಂತಿ ನೇತುಹಾಕಿಕೊಂಡು ತಿರುಗುವುದರಿಂದ ನಾವು ಅವನನ್ನು ಕೇಬಲ್ ಎನ್ನುತ್ತೇವೆ. ಹೊಗಳಿದವರ ಮುಂದೆ ಬಲ್ಲವಳಂತೆ ಮೆರೆದವಳು ಕೇಳುವುದಕ್ಕೆ ಅಷ್ಟು ಹೊತ್ತು ತಡೆದೆ ನೋಡಿ, ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಅದು ನಾನೇ.

"ಅಕ್ಕಾ, ಹೆದರ್ಕೋಬೇಡಿ," ಎಂದ ಕೇಬಲ್. "ಆ ಕಾವಲನ್ನ ವಾಪಸ್ ಹಾಕಿಬಿಡಿ. ಬೀಗದ ಕೀಲಿ ಯಂತ್ರದ ಚಿಪ್ಪಲ್ಲೇ ಇರುತ್ತೆ. ಎಲ್ಲಾ ಮೊದಲಿನ ಹಾಗೆ ಕಂಡ್ರೆ ಅದೇ ತೆಗೆಯುತ್ತೆ. ಚಿಪ್ ಒಂದನ್ನ ಮುಟ್ಟಿಲ್ಲ ತಾನೆ?"

ನಾನು ನೀಲಿ ಪರದೆಯ ಕಡೆ ನೋಡಿದೆ.

"ಅಕ್ಕಾ?"

"ಖಾಲಿ ಮಾಡಿದೆ."

ಅವನ ಹಿಂದೆ ಆಫೀಸಿನಲ್ಲಿ ಪಾರ್ಸೆಲ್ಲಿಗೆ ಟೇಪು ಸುತ್ತುವ ಸದ್ದು ಕೇಳಿಸುತ್ತಿತ್ತು. ಆಮೇಲೆ ಮೆಲ್ಲಗೆ, "ಹಾಗಾದ್ರೆ ಆ ನಲವತ್ತೆಂಟು ಅಂಕಿ ಬೇಕೇ ಬೇಕು. ಅದಿಲ್ದೆ ಯಾರಪ್ಪನ ಕೈಲೂ ಆಗಲ್ಲ. ಒಳಗಿರೋದೆಲ್ಲ ಬರೀ ಕಸದ ಹಾಗೆ," ಎಂದ.

"ಆ ಅಂಕಿ ಎಲ್ಲಿರುತ್ತೆ?"

"ಬೀಗ ಹಾಕಿದೋರು ಬರೆದಿಟ್ಕೊಂಡಿರಬೇಕು. ಯಾರು ಹಾಕಿದ್ದು?"

ಈ ಮನೆಯಲ್ಲಿ ಬೀಗ ಹಾಕುವವರು ಒಬ್ಬರೇ. ತಮ್ಮ ದನಿಯನ್ನು ರೆಕಾರ್ಡ್ ಮಾಡಿದ ಮೇಲೆ, ಆಸ್ಪತ್ರೆಗೆ ಹೋಗುವ ಮೊದಲು, ಲ್ಯಾಪ್‌ಟಾಪನ್ನು ಎರಡು ದಿನ ಅಂಗಡಿಯಲ್ಲಿ ಇಟ್ಟುಕೊಂಡಿದ್ದರು. ಏನು ಮಾಡುತ್ತಿದ್ದೀರಿ ಎಂದು ನಾನು ಕೇಳಿರಲಿಲ್ಲ.

ಕೇಳಿಬಿಡಬಹುದಿತ್ತು. ಹತ್ತು ಹೆಜ್ಜೆ ನಡೆದು ಪಕ್ಕದ ಕೋಣೆಗೆ ಹೋದರೆ ಮುಗಿಯಿತು. ಆದರೆ ಕೇಳುವುದು ಅಂದರೆ ಹೇಳುವುದು ಕೂಡ. ಮಾವ ಬೈಯುತ್ತಾರೆಂದು ಹೆದರಲಿಲ್ಲ, ಬೈಯಲು ಅವರಿಗೆ ಬಾಯಾದರೂ ಎಲ್ಲಿತ್ತು. ಹೊಲಿಗೆ ಇನ್ನೂ ಹಸಿ, ಮನಸ್ಸಿಗೆ ಪೆಟ್ಟು ಕೊಡಬೇಡಿ ಎಂದಿದ್ದರು ಡಾಕ್ಟರು. ಗಂಟಲಿಗೆ ಒತ್ತಿ ಹಿಡಿದರೆ ಗುಂಯ್ ಎಂದು ಮಾತಾಡುವ ಯಂತ್ರ ಕೊಟ್ಟಾಗ ಮಾವ ಅದನ್ನು ತಳ್ಳಿ, ಕೈಹಲಗೆಯ ಮೇಲೆ ‘ನನ್ನದು ಬರುತ್ತೆ, ಕಾಯ್ತೀನಿ’ ಎಂದು ಬರೆದಿದ್ದರು. ಹನ್ನೆರಡು ದಿನ ಅವರನ್ನು ನೆಟ್ಟಗೆ ಕೂರಿಸಿದ್ದು ಆ ಒಂದು ಕಾಯುವಿಕೆ. ಕೀಲಿ ಅವರ ಬಳಿಯೂ ಇಲ್ಲದಿದ್ದರೆ? ಅವರ ದನಿಯನ್ನು ಡಾಕ್ಟರು ತೆಗೆದದ್ದು ಬದುಕಿಸಲು. ನಾನು ತೆಗೆದದ್ದು ಯಾತಕ್ಕೆ?

ಗಂಡನಿಗೆ ಹೇಳೋಣವೆಂದರೆ ಅವನು ಲಾರಿಯ ಜೊತೆ ಎಲ್ಲೋ ಹೆದ್ದಾರಿಯಲ್ಲಿದ್ದ. ಓಡಿಸುವವನ ಎದೆಗೆ ಬೆಂಕಿ ಹಚ್ಚುವುದು ಬೇಡ ಎಂದು ಫೋನ್ ಕೆಳಗಿಟ್ಟೆ.

ಒಂದು ಗಂಟೆಗೆ ಅತ್ತೆ ಬಂದರು. ಮೂಗಿನ ನಳಿಗೆಯಿಂದ ಮಾವನಿಗೆ ಹಾಕುವ ಊಟದ ಖಾಲಿ ಬಟ್ಟಲು ಕೈಯಲ್ಲಿತ್ತು. ನಮ್ಮ ಅತ್ತೆ ಮಾತು ಕಡಿಮೆ. ಕಡಿಮೆ ಅನ್ನುವುದಕ್ಕಿಂತ, ನಲವತ್ತೆರಡು ವರ್ಷದಿಂದ ಅವರಿಗೆ ಸರದಿಯೇ ಸಿಕ್ಕಿಲ್ಲ.

"ಮುಖ ಯಾಕೆ ಹರಳೆಣ್ಣೆ ಕುಡಿದೋರ ಹಾಗಿದೆ?" ಎಂದರು.

"ಏನಿಲ್ಲ ಅತ್ತೆ. ಸ್ವಲ್ಪ ತಡ ಆಗ್ತಿದೆ, ಅಷ್ಟೇ."

ಅವರು ನೀಲಿ ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, ಬಟ್ಟಲು ಮೇಜಿನ ಮೇಲಿಟ್ಟು ನನ್ನ ಪಕ್ಕ ಕೂತರು. ಏನೂ ಕೇಳಲಿಲ್ಲ. ಅದೇ ತಡೆಯಲಾಗಲಿಲ್ಲ ನನಗೆ. ಮಾವನಾಗಿದ್ದರೆ ಹತ್ತು ಪ್ರಶ್ನೆ ಕೇಳಿ ಹತ್ತು ಸುಳ್ಳು ಹೇಳಿಸುತ್ತಿದ್ದರು. ಎಲ್ಲ ಹೇಳಿಬಿಟ್ಟೆ, ಚಿಪ್ಪಿನ ವಿಷಯವನ್ನೂ ಬಿಡದೆ.

"ಅಂದ್ರೆ ಎಲ್ಲಾ ಹೋಯ್ತಾ?" ಅತ್ತೆಯ ದನಿ ಇಳಿದುಹೋಗಿತ್ತು. "ಒಂದೇ ಒಂದು ಮಾತೂ ಇಲ್ವಾ? ನನ್ನ ಹೆಸರು ಕರೆದಿರೋದಾದ್ರೂ?"

ಆಗಲೇ ನನಗೆ ಹೊಳೆದದ್ದು, ಕಾಯುತ್ತಿದ್ದವರು ಮಾವ ಒಬ್ಬರೇ ಅಲ್ಲ ಎಂದು. ಈ ಮನೆಯ ಮೌನದಲ್ಲಿ ಅತ್ತೆ ಹನ್ನೆರಡು ದಿನ ನಿದ್ದೆ ಮಾಡಿರಲಿಲ್ಲ. ಗೊರಕೆ ನಿಂತ ಮನೆಯಲ್ಲಿ ನಿದ್ದೆ ಬರಲ್ಲ ಕಣೇ ಎಂದು ಒಮ್ಮೆ ಅಂದಿದ್ದರು, ನಾನು ತಮಾಷೆ ಎಂದುಕೊಂಡಿದ್ದೆ.

"ಗೊತ್ತಿಲ್ಲ ಅತ್ತೆ. ಮಾವನ ಹತ್ರ ಅಂಕಿ ಇದ್ರೆ ಎಲ್ಲಾ ಇದೆ. ಇಲ್ದಿದ್ರೆ ಏನೂ ಇಲ್ಲ. ನೀವೇ ಒಂದು ಮಾತು ಕೇಳಿ ನೋಡ್ತೀರಾ?"

"ಮಾಡಿದೋಳು ನೀನು, ನೀನೇ ಹೇಳು," ಎಂದರು ಅತ್ತೆ. ಎದ್ದು ನನ್ನ ಮೊಣಕೈ ಹಿಡಿದರು. "ನಾನು ಪಕ್ಕದಲ್ಲಿರ್ತೀನಿ."

ಮಾವ ದಿಂಬಿಗೆ ಒರಗಿ ಕೂತಿದ್ದರು. ಕತ್ತಿನ ನಳಿಗೆಯಲ್ಲಿ ಉಸಿರು ಸಣ್ಣಗೆ ಸೀಟಿ ಹೊಡೆಯುತ್ತಿತ್ತು. ನನ್ನನ್ನು ಕಂಡಕೂಡಲೇ ಹುಬ್ಬೆತ್ತಿದರು. ಆ ಮುಖದ ತುಂಬ ಆಸೆಯಿತ್ತು. ಮಂಚದ ಕಾಲ ಬಳಿ ನೆಲದ ಮೇಲೆ ಕೂತು, ಅವರ ಪಾದದ ಕಡೆ ನೋಡುತ್ತ, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಹೇಳಿ ಮುಗಿದ ಮೇಲೆ ಸೀಟಿಯ ಸದ್ದು ಒಂದು ಕ್ಷಣ ನಿಂತಿತು. ಉಸಿರೇ ನಿಂತಿತೇನೋ ಎಂದು ಬೆದರಿ ತಲೆಯೆತ್ತಿದೆ.

ಮಾವ ಬರೆಯುತ್ತಿದ್ದರು. ಹಲಗೆಯನ್ನು ನನ್ನ ಕಡೆ ತಿರುಗಿಸಿದರು. ‘ಬೀಗ ನಾನೇ ಹಾಕಿದ್ದು.’ ಅಳಿಸಿ ಮತ್ತೆ ಬರೆದರು. ‘ಕೀಲಿಕೈ ಇದೆ.’

ಹೋದ ಜೀವ ಬಂದಂತಾಯಿತು. ಅತ್ತೆ ಗೋಡೆಗೆ ಕೈಯೂರಿ ನಿಂತರು. ಮಾವ ಅಂಗಡಿಯ ಕಡೆ ಬೆರಳು ತೋರಿಸಿದರು. ನಾವಿಬ್ಬರೂ ಎರಡು ಕಡೆ ಹಿಡಿದು, ಊಟದ ನಳಿಗೆಯ ಚೀಲ ಎತ್ತಿಕೊಂಡು, ನಿಧಾನವಾಗಿ ಮುಂದಿನ ಕೋಣೆಗೆ ನಡೆಸಿದೆವು. ಅವರು ಹೋಗಿ ನಿಂತದ್ದು ಕೆಲಸದ ಮೇಜಿನ ಹಿಂದಿನ ಗೋಡೆಯ ಎದುರು. ಅಲ್ಲೊಂದು ಮೊಳೆ ಇತ್ತು. ಮೊಳೆಯಲ್ಲಿ ಏನೂ ಇರಲಿಲ್ಲ.

ಮಾವ ಮೊಳೆಯನ್ನು ಮುಟ್ಟಿ ನೋಡಿದರು. ಆಮೇಲೆ ಬರೆದರು: ‘ಎಂಟು ಕೀಲಿಕೈ. ಒಂದು ಬಳೆ.’

ಯಾರಾದರೂ ನನ್ನನ್ನು ಆಗ ಬಾವಿಗೆ ನೂಕಿದ್ದರೂ ಬೇಡ ಅನ್ನುತ್ತಿರಲಿಲ್ಲ. ಅವರು ಆಸ್ಪತ್ರೆಯಲ್ಲಿದ್ದಾಗ ಅಂಗಡಿಯನ್ನು ಒಪ್ಪ ಮಾಡಿದ್ದು ನಾನು. ಮನೆಗೆ ಬಂದಾಗ ಸಂತೋಷಪಡಲಿ ಎಂದು ಮೂರು ದಿನ ಧೂಳು ಹೊಡೆದಿದ್ದೆ. ಮೊಳೆಯಲ್ಲಿ ಕೀಲಿಕೈ ಪೋಣಿಸುವ ಒಂದು ಬಳೆ ಇತ್ತು, ಅದರಲ್ಲಿ ಎಂಟು ಕೀಲಿಕೈ ಇದ್ದವು, ಯಾವ ಬೀಗಕ್ಕೂ ಸೇರದ ಹಾಗೆ ಅಡ್ಡಾದಿಡ್ಡಿ ಕಚ್ಚಿನವು. ಕೈತಪ್ಪಿ ಕೊರೆದದ್ದು ಎಂದುಕೊಂಡು ಬಳೆ ಬಿಚ್ಚಿ, ಕೀಲಿಕೈಗಳನ್ನು ಹಾಳು ಮಾಲಿನ ಡಬ್ಬಿಗೆ ಸುರಿದು, ಬಳೆ ಚೆನ್ನಾಗಿತ್ತೆಂದು ನನ್ನ ಆಫೀಸಿನ ಬೀರುವಿನ ಕೀಲಿಗೆ ಹಾಕಿಕೊಂಡಿದ್ದೆ. ಹಾಗೆಂದು ಹೇಳಿದೆ. ಈ ಸಲ ಪಾದದ ಕಡೆಯೂ ನೋಡಲಾಗಲಿಲ್ಲ.

ಮಾವ ಕೈಯಲ್ಲೇ ಡಬ್ಬಿ ತಾ ಎಂದು ಸನ್ನೆ ಮಾಡಿದರು.

ಡಬ್ಬಿ ಇನ್ನೂ ಇತ್ತು. ನೆಲದ ಮೇಲೆ ಹಾಳೆ ಹಾಸಿ ಸುರಿದೆ, ಸಾವಿರವಾದರೂ ಇದ್ದಿರಬೇಕು. ಮಾವ ಸ್ಟೂಲಿನ ಮೇಲೆ ಕೂತು, ಹಿಡಿ ಹಿಡಿಯಾಗಿ ತೆಗೆದು, ನೋಡದೆಯೇ ಹೆಬ್ಬೆರಳಿನಿಂದ ಕಚ್ಚು ಸವರಿ ಎಸೆಯುತ್ತ ಹೋದರು. ಅವರು ಸಾಮಾನ್ಯವಾಗಿ ಮಾಡುವ ಕೀಲಿಕೈಗೆ ಐದು ಕಚ್ಚು. ಅವರು ಹುಡುಕುತ್ತಿದ್ದುದಕ್ಕೆ ಆರು. ಒಂದು ಕಚ್ಚು ಒಂದು ಅಂಕಿ, ಕಚ್ಚು ಎಷ್ಟು ಆಳವೋ ಅಂಕಿ ಅಷ್ಟು ದೊಡ್ಡದು, ಬರೀ ಗೀರು ಎಳೆದಿದ್ದರೆ ಸೊನ್ನೆ. ಆರು ಕಚ್ಚಿನ ಎಂಟು ಕೀಲಿಕೈ, ಒಟ್ಟು ನಲವತ್ತೆಂಟು. ಯಾಕೆ ಮಾವಾ, ಒಂದು ಚೀಟಿಯಲ್ಲಿ ಬರೆದಿಡಬಾರದಿತ್ತೇ ಎಂದು ಕೇಳಿದ್ದಕ್ಕೆ, ‘ಚೀಟಿ ಯಾರು ಬೇಕಾದ್ರೂ ಓದ್ತಾರೆ’ ಎಂದು ಬರೆದರು. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅರ್ಧ ಗಂಟೆಯಲ್ಲಿ ಏಳು ಸಿಕ್ಕವು. ಎಂಟನೆಯದಕ್ಕೆ ಡಬ್ಬಿಯನ್ನು ಮೂರು ಸಲ ಜಾಲಿಸಿದೆವು. ಹಳೆಯ ಸಾಮಾನು ಕೊಳ್ಳುವವನು ಹೋದ ವಾರ ಬಂದಿದ್ದ, ಅವನಿಗೆ ಒಂದಿಷ್ಟು ಕೊಟ್ಟಿದ್ದೆ ಎಂಬುದು ಆಗಲೇ ನೆನಪಿಗೆ ಬರಬೇಕೇ. ಬಾಯಿ ಬಿಡಲು ಧೈರ್ಯ ಸಾಲಲಿಲ್ಲ. ಮೊಣಕಾಲೂರಿ ಮೇಜಿನ ಅಡಿ, ಸ್ಟೂಲಿನ ಅಡಿ ತಡಕಿದೆ. ಡಬ್ಬಿಯ ತಳದ ತುಕ್ಕಿಗೆ ಒಂದು ಅಂಟಿಕೊಂಡಿದ್ದನ್ನು ಅತ್ತೆ ಉಗುರಿನಿಂದ ಎಬ್ಬಿಸಿದರು. ಆರು ಕಚ್ಚು.

ಲ್ಯಾಪ್‌ಟಾಪನ್ನು ಅಂಗಡಿಯ ಮೇಜಿಗೆ ತಂದೆ. ಮಾವ ಅಳತೆಪಟ್ಟಿ ಇಟ್ಟು ಒಂದೊಂದು ಕೀಲಿಕೈಯ ಅಂಕಿಯನ್ನೂ ಬೆರಳು ಮಡಚಿ ತೋರಿಸಿದರು, ನಾನು ಚೀಟಿಗಳ ಮೇಲೆ ಬರೆದುಕೊಂಡೆ. ಹೌದು, ಚೀಟಿಗಳ ಮೇಲೆಯೇ, ಅವರು ಏನೂ ಅನ್ನಲಿಲ್ಲ. ಎಂಟು ಚೀಟಿ ಸಾಲಾಗಿ ಮೇಜಿನ ಮೇಲೆ ಬಿದ್ದವು. ಟೈಪ್ ಮಾಡಲು ಕೈ ಚಾಚಿದವಳು ಹಾಗೇ ನಿಂತೆ.

"ಮಾವಾ, ಯಾವುದು ಮೊದಲು?"

ಅವರು ಬಾಯಿ ತೆರೆದರು. ಮುಚ್ಚಿದರು. ಬಳೆಯಲ್ಲಿ ಅವು ಸಾಲಾಗಿದ್ದವು, ಬಳೆ ಬಿಚ್ಚಿದವಳು ನಾನು. ಎಂಟು ಚೀಟಿಯನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂದು ಫೋನಿನಲ್ಲಿ ಗುಣಿಸಿ ನೋಡಿದೆ: ನಲವತ್ತು ಸಾವಿರದ ಮುನ್ನೂರಿಪ್ಪತ್ತು. ಒಂದಕ್ಕೆ ಮೂರು ನಿಮಿಷದ ಹಾಗೆ ಊಟ ನಿದ್ದೆ ಬಿಟ್ಟು ಕೂತರೂ ಎಂಬತ್ತನಾಲ್ಕು ದಿನ. ಆ ಲೆಕ್ಕವನ್ನು ನಾನು ಅವರಿಗೆ ತೋರಿಸಲಿಲ್ಲ.

ಮಾವ ಕಣ್ಣು ಮುಚ್ಚಿದರು. ತುಟಿ ಅಲುಗಾಡತೊಡಗಿತು. ಕೀಲಿಕೈ ಉಜ್ಜುವಾಗ ಅಂಕಿಗಳನ್ನು ಹಾಡಿನ ಹಾಗೆ ಗುನುಗುವುದು ಅವರ ಅಭ್ಯಾಸ, ಈ ಎಂಟನ್ನೂ ಮೊದಲ ಎರಡೆರಡು ಅಂಕಿ ಹಿಡಿದು ಹಾಗೇ ಗುನುಗಿಟ್ಟುಕೊಂಡಿದ್ದರು. ಈಗ ಗುನುಗಲು ದನಿಯಿಲ್ಲ. ತುಟಿ ಎರಡು ಸಂಖ್ಯೆ ಹೋಗಿ ನಿಂತಿತು. ಮತ್ತೆ ಮೊದಲಿನಿಂದ. ಮತ್ತೆ ಅಲ್ಲೇ ನಿಂತಿತು. ನಾಲ್ಕನೆಯ ಸಲ ಅವರು ಮುಷ್ಟಿಯಿಂದ ಮೇಜು ಗುದ್ದಿದರು, ಕೀಲಿಕೈಗಳು ಹಾರಿಬಿದ್ದವು. ಹಲಗೆಯ ಮೇಲೆ ಗೀಚಿದರು: ‘ಬಾಯಿಗೆ ಗೊತ್ತು. ನನಗೆ ಗೊತ್ತಿಲ್ಲ.’ ಕತ್ತಿನ ಸೀಟಿ ಜೋರಾಗಿತ್ತು, ಹೊಲಿಗೆಯ ಸುತ್ತ ಚರ್ಮ ಕೆಂಪೇರಿತ್ತು. ಅವರ ಕಣ್ಣಿನಲ್ಲಿ ಭಯವನ್ನು ನಾನು ಕಂಡದ್ದು ಅದೇ ಮೊದಲು. ಆಪರೇಷನ್ ಕೋಣೆಗೆ ಹೋಗುವಾಗಲೂ ಗಾಲಿಮಂಚ ತಳ್ಳುವವನ ಜೊತೆ ಹರಟೆ ಹೊಡೆಯುತ್ತ ಹೋದ ಮನುಷ್ಯ.

"ಸಾಕು ಮಾವಾ, ನಾಳೆ ನೋಡೋಣ. ನಿಮಗೇನಾದ್ರೂ ಆದ್ರೆ..." ಎಂದೆ. ಅವರು ಆಗದು ಎಂದು ತಲೆಯಾಡಿಸಿದರು, ಹಟ ಬಿಡಲೇ ಇಲ್ಲ.

ಅತ್ತೆ ಇನ್ನೊಂದು ಸ್ಟೂಲು ಎಳೆದು ಅವರ ಎದುರು ಕೂತರು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. "ನನ್ನ ನೋಡ್ಕೊಂಡು ಹೇಳಿ," ಎಂದರು.

ಮಾವನ ತುಟಿ ಅಲುಗಿತು. ಅತ್ತೆ ಆ ತುಟಿಯನ್ನೇ ನೋಡುತ್ತ ಮೆಲ್ಲಗೆ ಹೇಳಿದರು, "ನಲವತ್ತು." ಮಾವ ತಲೆದೂಗಿದರು. "ಹನ್ನೊಂದು." ಅಲ್ಲೇ ನಿಲ್ಲುತ್ತಿತ್ತು ಪ್ರತಿ ಸಲ. ಅತ್ತೆ ಮತ್ತೆ ಮೊದಲಿನಿಂದ, ಈ ಸಲ ಅವರ ಹಾಗೆಯೇ ಎಳೆದು ಗುನುಗಿದರು, "ನಲವತ್ತೂ, ಹನ್ನೊಂದೂ..." ಕಿವಿಗೆ ಆ ಸದ್ದು ಬಿದ್ದದ್ದೇ ತಡ, ಮಾವನ ತುಟಿ ಮುಂದೆ ಓಡಿತು. "ಅರವತ್ಮೂರೂ," ಎಂದರು ಅತ್ತೆ. "ಇಪ್ಪತ್ತೆಂಟೂ. ಸೊನ್ನೆ ಐದೂ." ಒಬ್ಬರ ತುಟಿ, ಇನ್ನೊಬ್ಬರ ದನಿ. ನಲವತ್ತೆರಡು ವರ್ಷ ಅವರ ಮಾತಿನ ಮಧ್ಯೆ ಒಂದು ಮಾತು ಸೇರಿಸಲಾಗದ ಅತ್ತೆ ಈಗ ಒಂದು ಅಕ್ಷರವನ್ನೂ ಬಿಡಲಿಲ್ಲ. ನಾನು ಚೀಟಿಗಳನ್ನು ಒಂದೊಂದಾಗಿ ಜರುಗಿಸಿದೆ. "ಐವತ್ತೇಳೂ, ಮೂವತ್ತಾರೂ, ಹತ್ತೊಂಬತ್ತು."

ಟೈಪ್ ಮಾಡಲು ಕೂತೆ. ನಾಲ್ಕು ಸೊನ್ನೆ ಏಳು ಮೂರು ಐದು ಎರಡು. ಮೊದಲ ಮನೆ ಒಪ್ಪಿಕೊಂಡಿತು. ಎರಡನೆಯದೂ ಒಪ್ಪಿತು. ಒಂದು ಕಚ್ಚಿನ ಆಳ ತಪ್ಪಾಗಿ ಓದಿದ್ದರೆ ಆಯಾ ಮನೆಯಲ್ಲೇ ಅದು ತಿಳಿಯುತ್ತದೆ, ಆದರೆ ಸಾಲು ತಪ್ಪಿದ್ದರೆ ಕೊನೆಯ ಗುಂಡಿ ಒತ್ತುವವರೆಗೆ ಯಂತ್ರ ಏನೂ ಹೇಳುವುದಿಲ್ಲ. ಎಂಟನೆಯ ಮನೆ ತುಂಬಿದ ಮೇಲೆ ನನ್ನ ಬೆರಳು ಗುಂಡಿಯ ಮೇಲೆ ನಿಂತುಬಿಟ್ಟಿತು. ಒತ್ತದಿರುವಷ್ಟು ಹೊತ್ತು ಆಸೆಯಾದರೂ ಇರುತ್ತದೆ.

"ಒತ್ತೇ," ಎಂದರು ಅತ್ತೆ.

ನೀಲಿ ಹೋಯಿತು. ಕಪ್ಪಾಯಿತು. ಬಿಳಿಯ ಚುಕ್ಕೆಗಳು ಸುತ್ತತೊಡಗಿದವು, ನಾವು ಮೂವರೂ ಆ ಚುಕ್ಕೆಗಳನ್ನು ನೋಡುತ್ತ ಕೂತೆವು. ರಸ್ತೆಯಲ್ಲಿ ಯಾರದೋ ಸೈಕಲ್ ಗಂಟೆ ಕೇಳಿಸಿತು. ಆಮೇಲೆ ಮಾವ ಇಟ್ಟಿದ್ದ ಹಳೆಯ ಬೀಗದ ಫೋಟೋ ಪರದೆಯ ತುಂಬ ಬಂದು ನಿಂತಿತು. ಅದರ ಮೇಲೆ ಒಂದು ಫೋಲ್ಡರು. ತೆರೆದೆ. ಒಂದರಿಂದ ಸಾವಿರದ ನೂರರವರೆಗೆ ಎಲ್ಲವೂ ಇದ್ದವು.

ನಾನು ಅತ್ತುಬಿಟ್ಟೆ. ಅತ್ತೆ ನನ್ನ ಬೆನ್ನು ತಟ್ಟಿ, "ಹಾಕು, ಹಾಕು, ಕೇಳೋಣ," ಎಂದರು. ಕಣ್ಣೊರೆಸಿಕೊಂಡು ಮೊದಲನೆಯದನ್ನು ಒತ್ತಿದೆ.

"ನಿನ್ನೆ ಸಂಜೆ ನಾನು ಪೇಟೆಗೆ ಹೋಗಿದ್ದೆ, ಅಂಗಡಿ ಮುಚ್ಚಿತ್ತು."

ಹನ್ನೆರಡು ದಿನದ ಮೇಲೆ ಆ ದನಿ ಮನೆಯಲ್ಲಿ ಕೇಳಿಸಿತು. ಸ್ವಲ್ಪ ಮೂಗಿನಿಂದ ಬರುವುದು, ವಾಕ್ಯದ ಕೊನೆಗೆ ತುಸು ಮೇಲೇರುವುದು, ನಮ್ಮ ರೇಡಿಯೋ. ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ನಾನು ಮಾವನ ಕಡೆ ತಿರುಗಿದೆ. ಅವರ ಹುಬ್ಬು ಗಂಟಿಕ್ಕಿತ್ತು. ಇನ್ನೊಂದು ಎಂದು ಸನ್ನೆ ಮಾಡಿದರು. ಎರಡನೆಯದನ್ನು ಹಾಕಿದೆ. ಮುಂದೆ ಬಾಗಿ, ಕಿವಿಯನ್ನು ಸ್ಪೀಕರಿಗೆ ಹತ್ತಿರ ತಂದು ಕೇಳಿದರು. ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು, ಹಲಗೆ ಎತ್ತಿಕೊಂಡರು.

‘ಇದು ಯಾರು?’

ತಮಾಷೆ ಎಂದುಕೊಂಡು ನಗಲು ಹೊರಟೆ. ಅವರ ಮುಖ ತಮಾಷೆಯದಾಗಿರಲಿಲ್ಲ. ಫೈಲು ಕೆಟ್ಟವೇನೋ, ನಾನು ಇನ್ನೇನು ಹಾಳು ಮಾಡಿದೆನೋ ಎಂದು ಹೆದರಿದೆ. "ನೀವೇ ಮಾವಾ. ನೀವೇ ಓದಿದ್ದು."

ಅವರು ತಲೆಯಾಡಿಸಿದರು. ‘ನನ್ನ ದನಿ ಹೀಗಿಲ್ಲ. ನನ್ನದು ದಪ್ಪ.’

"ನಿಮ್ದೇ ರೀ," ಎಂದರು ಅತ್ತೆ. "ಇಷ್ಟು ವರ್ಷ ಕೇಳಿದೋಳಿಗೆ ಗೊತ್ತಾಗಲ್ವಾ?"

ಮಾವ ಅಂಗೈಯನ್ನು ಎದೆಯ ಮೇಲಿಟ್ಟುಕೊಂಡರು, ಕತ್ತಿನ ನಳಿಗೆಯ ಕೆಳಗೆ, ಮಾತಾಡುವಾಗ ದನಿ ಗುಂಯ್‌ಗು‌ಡುವ ಜಾಗದಲ್ಲಿ. ಅರವತ್ತೇಳು ವರ್ಷ ಅವರು ತಮ್ಮ ದನಿಯನ್ನು ಅಲ್ಲಿಂದ, ಮೂಳೆಯ ಒಳಗಿನಿಂದ ಕೇಳಿದ್ದರು. ವಾಕ್ಯ ಓದಿದ್ದೇ ಎದ್ದುಹೋಗುತ್ತಿದ್ದರು, ಒಂದು ಸಲವೂ ತಿರುಗಿ ಕೇಳಿರಲಿಲ್ಲ. ನನಗೆ ಹನ್ನೊಂದೂಕಾಲಿನ ಆ ಹೆದರಿಕೆ ಮತ್ತೆ ಬಂತು, ಈ ಸಲ ತಣ್ಣಗೆ. ಅವರು ಮಂಚದ ಮೇಲೆ ಕೂತು ಕಾಯುತ್ತಿದ್ದ ದನಿ ಈ ಡಿಸ್ಕಿನಲ್ಲಿ ಯಾವತ್ತೂ ಇರಲಿಲ್ಲ. ನಾನು ಉಳಿಸಿದ್ದು ನಮ್ಮ ಕಿವಿಯ ಮಾವನನ್ನು. ಅವರದ್ದು ಆಸ್ಪತ್ರೆಯಲ್ಲೇ ಹೋಗಿತ್ತು. ಅದಕ್ಕೆ ನಾನು ಕೇಬಲ್‌ಗೆ ಫೋನ್ ಮಾಡುವಂತಿರಲಿಲ್ಲ, ಹುಡುಕಲು ಡಬ್ಬಿಯೂ ಇರಲಿಲ್ಲ.

"ಮಾವಾ," ಎಂದೆ.

ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಅತ್ತೆ ಲ್ಯಾಪ್‌ಟಾಪಿನ ಪಕ್ಕ ತಲೆಯಿಟ್ಟು, ಮುಂದಿನ ವಾಕ್ಯಕ್ಕೆ ಕಾಯುತ್ತ ಕಣ್ಣು ಮುಚ್ಚಿದ್ದರು. ಹನ್ನೆರಡು ದಿನದಲ್ಲಿ ಆ ಮುಖ ಅಷ್ಟು ಸಡಿಲವಾದದ್ದನ್ನು ನಾನು ಕಂಡಿರಲಿಲ್ಲ. ಮಾವ ಅದನ್ನೇ ನೋಡುತ್ತ ಬಹಳ ಹೊತ್ತು ಕೂತರು. ಆಮೇಲೆ ಹಲಗೆಯನ್ನು ಅಂಗಿಯ ತೋಳಿನಿಂದ ಒರೆಸಿ, ಅತ್ತೆಗೆ ಕಾಣದ ಹಾಗೆ ನನ್ನ ಕಡೆ ಹಿಡಿದರು.

‘ಅವಳಿಗೆ ಇದೇ ನಾನು. ಇದನ್ನೇ ಹಾಕು.’

ಮೂರನೆಯದನ್ನು ಒತ್ತಿದೆ.